ಚಂದ್ರನ ವಿರಳ ಅನಿಲ ಅಳೆದ ‘ಚೇಸ್-2’

2019ರ ಸೆಪ್ಟೆಂಬರ್ 7ರಂದು ವಿಕ್ರಮ್ ಲ್ಯಾಂಡರ್ ಚಂದ್ರನ ನೆಲಕ್ಕಪ್ಪಳಿಸಿದಾಗ ಚಂದ್ರಯಾನ-2 ಮುಗಿಯಿತೆಂದೇ ಅನೇಕರು ಮರುಗಿದ್ದರು. ಆದರೆ ಸುಮಾರು 100 ಕಿ.ಮೀ. ಎತ್ತರದಲ್ಲಿ ಚಂದ್ರನನ್ನು ಸುತ್ತುತ್ತಿದ್ದ ಆರ್ಬಿಟರ್ ಕೆಲಸ ನಿಲ್ಲಿಸಲಿಲ್ಲ.

ತಿರುವನಂತಪುರದಲ್ಲಿ ಸಿದ್ಧವಾದ, ಈ ಆರ್ಬಿಟರ್‌ನಲ್ಲಿರುವ ‘ಚೇಸ್-2’ ಉಪಕರಣವು ಸುತ್ತಲಿನ ಅನಿಲದ ಕಣಗಳಿಗೆ ವಿದ್ಯುದಂಶ ನೀಡಿ, ತೂಕದ ಪ್ರಕಾರ ಬೇರ್ಪಡಿಸಿ ಎಣಿಸುತ್ತದೆ. ನೌಕೆಯಿಂದಲೇ ಹೊರಬೀಳುವ ಅನಿಲವನ್ನು ಲೆಕ್ಕದಿಂದ ಕಳೆಯುವುದೇ ಇಲ್ಲಿನ ಕಷ್ಟದ ಕೆಲಸ. ಅದರ ಮಾಹಿತಿಯನ್ನು ಬೆಂಗಳೂರು ಸಮೀಪದ ಬ್ಯಾಲಾಳುವಿನ ಬೃಹತ್ ಆಂಟೆನಾಗಳು ಪಡೆಯುತ್ತವೆ.

2024ರ ಮೇ 10ರಂದು ಸೂರ್ಯನಿಂದ ಸಿಡಿದು ಬಂದ ಪ್ಲಾಸ್ಮಾ ಚಂದ್ರನಿಗೆ ಬಡಿದಾಗ, ಹಗಲಿನ ಭಾಗದಲ್ಲಿ ಅನಿಲ ಕಣಗಳ ಸಂಖ್ಯೆ ಹತ್ತು ಪಟ್ಟಿಗೂ ಮಿಕ್ಕಿ ಏರಿದ್ದನ್ನು ‘ಚೇಸ್-2’ ದಾಖಲಿಸಿತು. ವಾತಾವರಣದ ಹೊದಿಕೆಯಾಗಲಿ, ಭೂಮಿಯಂತಹ ಕಾಂತಕ್ಷೇತ್ರವಾಗಲಿ ಇಲ್ಲದ ಚಂದ್ರನಲ್ಲಿ ಮುಂದೆ ಮನುಷ್ಯರು ನೆಲೆಯೂರಬೇಕಾದರೆ ಈ ಲೆಕ್ಕ ಬೇಕೇ ಬೇಕು.