ಆರು ವಸ್ತುಗಳ ಚೀಲ, ಅದರ ಸುತ್ತ ಒಂದು ಜಗಳ

ಇಬ್ಬರೇ ಕೂತು ವರ್ಷಗಟ್ಟಲೆ ಕಟ್ಟಿದ ಹಾರರ್ ಗೇಮ್ 'ಸಿಗ್ನಾಲಿಸ್'. ಜರ್ಮನಿಯ ಹ್ಯಾಂಬರ್ಗ್‌ನ ರೋಸ್-ಎಂಜಿನ್ ಸ್ಟುಡಿಯೋದ್ದು, ಬಂದಿದ್ದು 2022ರ ಅಕ್ಟೋಬರ್‌ನಲ್ಲಿ.

ನೋಡೋಕೆ ಹಳೇ ಪ್ಲೇಸ್ಟೇಷನ್ ಕಾಲದ ಗೇಮ್ ಥರ. ಒರಟು ಪಿಕ್ಸೆಲ್, ಕತ್ತಲ ಕಾರಿಡಾರ್, ಕೆಂಪು ಬೆಳಕು. ಎಲ್ಸ್ಟರ್ ಅನ್ನೋ ಯಂತ್ರಮಾನವಿ, ಹಿಮ ಮುಚ್ಚಿದ ಗ್ರಹದಲ್ಲಿ ಕಳೆದುಹೋದ ಸಂಗಾತಿಯನ್ನ ಹುಡುಕ್ತಾಳೆ.

ವಿಮರ್ಶಕರು ತಕ್ಷಣ 'ರೆಸಿಡೆಂಟ್ ಈವಿಲ್', 'ಸೈಲೆಂಟ್ ಹಿಲ್' ಅನ್ನೋ ಹಳೇ ಹಾರರ್ ಗೇಮ್‌ಗಳ ಹೆಸರು ತೆಗೆದರು. ವಾತಾವರಣ, ಚಿತ್ರಶೈಲಿ, ಒಡೆದ ಕನ್ನಡಿಯಂಥ ಕಥೆ ಇವಕ್ಕೆ ಮನಸಾರೆ ಮೆಚ್ಚುಗೆ ಸಿಕ್ಕಿತು.

ಜಗಳ ಶುರುವಾಗಿದ್ದು ಎಲ್ಸ್ಟರ್ ಹೊರೋ ಚೀಲದ ವಿಷಯಕ್ಕೆ. ಹಿಡಿಯೋದು ಆರೇ ವಸ್ತು! ಬಂದೂಕು, ಗುಂಡು, ಔಷಧಿ ಇಟ್ಟುಕೊಂಡರೆ ಬೀಗದ ಕೈಗೆ ಜಾಗ ಎಲ್ಲಿ? ಹೆಚ್ಚಾದ ವಸ್ತು ಇಡೋ ಪೆಟ್ಟಿಗೆ ಹತ್ತಿರ ಪದೇ ಪದೇ ಓಡಬೇಕು. ದಾರಿಯಲ್ಲಿ, ಸತ್ತರು ಅಂದುಕೊಂಡ ಶತ್ರುಗಳನ್ನ ಸುಡದೇ ಬಿಟ್ಟಿದ್ದರೆ ಅವರು ಮತ್ತೆ ಏಳ್ತಾರೆ. ಇದು ಭಯವಲ್ಲ, ಬರೀ ಕಿರಿಕಿರಿ ಅಂದವರು ಬಹಳ ಜನ. ಆ ಇಕ್ಕಟ್ಟೇ ಆಟದ ಪ್ರಾಣ ಅಂದವರೂ ಇದ್ದರು.

ನನ್ನ ಮಾತು ಕೇಳಿದರೆ, ಎರಡೂ ಕಡೆಯವರದು ಅರ್ಧ ಸರಿ. ಯಾವ ಗುಂಡು ಬಿಟ್ಟುಹೋಗ್ಲಿ ಅನ್ನೋ ಲೆಕ್ಕಾಚಾರ ನಿಜವಾಗ್ಲೂ ಹೆದರಿಸುತ್ತೆ. ಆದರೆ ಟಾರ್ಚ್‌ಗೂ ಒಂದು ಜಾಗ ಕಿತ್ತುಕೊಂಡಿದ್ದು ಅತಿಯಾಯ್ತು. ತಂಡ ಆಟಗಾರರ ಮಾತು ಕೇಳಿಸಿಕೊಂಡು, ಆಮೇಲೆ ಬಂದ ಅಪ್‌ಡೇಟ್‌ನಲ್ಲಿ ಈ ಮಿತಿ ಸಡಿಲಿಸೋ ಆಯ್ಕೆ ಕೊಟ್ಟಿತು.

ನೀವು ಆಡೋದಾದ್ರೆ ಮೊದಲ ಸಲ ಆರೇ ಜಾಗದಲ್ಲಿ ಆಡಿ. ಹೆಡ್‌ಫೋನ್ ಹಾಕ್ಕೊಳ್ಳಿ. ಈ ದಶಕದ ಅತ್ಯುತ್ತಮ ಹಾರರ್ ಗೇಮ್‌ಗಳ ಸಾಲಲ್ಲಿ ಇದು ನಿಲ್ಲುತ್ತೆ.