ತಾಯಂದಿರ ಕೈಗೆ ಮದ್ದನ್ನಿತ್ತ ಮಕ್ಕಳ ವೈದ್ಯರು

ಮಗುವಿಗೆ ಭೇದಿಯಾದಾಗ ನೀರು ಕುಡಿಸಿದರೆ ಭೇದಿ ಹೆಚ್ಚುವುದೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಇನ್ನೂ ಉಳಿದಿದೆ. ಭೇದಿಯಾದ ಮಕ್ಕಳ ಪ್ರಾಣಕ್ಕೆ ಎರವಾಗುವುದು ಬಹುತೇಕ ದೇಹದ ನೀರು, ಲವಣಗಳು ಬರಿದಾಗುವುದರಿಂದಲೇ. ಹಾಗಿರುವಾಗ ನೀರನ್ನೇ ತಡೆಹಿಡಿದರೆ ಗತಿಯೇನು? ಈ ವಿಷಯದಲ್ಲಿ ಲೋಕಕ್ಕೆ ದಾರಿ ತೋರಿದವರಲ್ಲಿ ಬಂಗಾಳದ ಮಕ್ಕಳ ತಜ್ಞ ಡಾ. ದಿಲೀಪ್ ಮಹಾಲನೋಬಿಸ್ ಅವರನ್ನು ನಾವು ನೆನೆಯಲೇಬೇಕು.

1934ರಲ್ಲಿ ಜನಿಸಿ, ಕಲ್ಕತ್ತೆಯಲ್ಲಿ ವೈದ್ಯಶಿಕ್ಷಣ ಪಡೆದ ಅವರು ಲಂಡನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಿ ಸ್ವದೇಶಕ್ಕೆ ಮರಳಿದರು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಲಕ್ಷೋಪಲಕ್ಷ ನಿರಾಶ್ರಿತರು ಬಂಗಾಳದ ಗಡಿ ದಾಟಿ ಬಂದಾಗ, ಬನಗಾಂವ್‌ನಲ್ಲಿ ಕಾಲರಾ ಹಬ್ಬಿತು. ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳಿಗಿದ್ದುದು ಎರಡು ಕೋಣೆ, ಹದಿನಾರು ಹಾಸಿಗೆ. ನೆಲದ ಮೇಲೆಲ್ಲ ರೋಗಿಗಳು. ರಕ್ತನಾಳಕ್ಕೆ ಹನಿಸುವ ಸಲೈನ್ ಸಾಲದು. ಸೂಜಿ ಚುಚ್ಚಬಲ್ಲ ಕೈಗಳೂ ಸಾಲವು.

ಸಕ್ಕರೆಯ ಅಂಶವಾದ ಗ್ಲೂಕೋಸ್ ಜೊತೆಗಿದ್ದರೆ, ಭೇದಿಯಾಗುತ್ತಿರುವಾಗಲೂ ಕರುಳು ಉಪ್ಪನ್ನು ಹೀರಿಕೊಳ್ಳುತ್ತದೆ. ಉಪ್ಪಿನ ಬೆನ್ನಿಗೆ ನೀರೂ ಒಳಸೇರುತ್ತದೆ. ಇದನ್ನು ವಿಜ್ಞಾನಿಗಳು ಅದಾಗಲೇ ಕಂಡುಕೊಂಡಿದ್ದರು. ಆದರೆ ವೈದ್ಯರ ಕಣ್ಗಾವಲಿಲ್ಲದೆ ಇದನ್ನು ಕೊಡುವ ಧೈರ್ಯ ಬಹುಮಂದಿಗೆ ಇರಲಿಲ್ಲ. ಮಹಾಲನೋಬಿಸ್ ಅವರು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಬೆರೆಸಿ, ನಲ್ಲಿಯಿರುವ ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ತಾಯಂದಿರೂ ಬಂಧುಗಳೂ ಲೋಟಗಳಲ್ಲಿ ಹಿಡಿದು ತಂತಮ್ಮವರಿಗೆ ಕುಡಿಸಿದರು. ಮಠದ ದಾಸೋಹದಲ್ಲಿ ಸಾವಿರಾರು ಜನರಿಗೆ ಬಡಿಸಿದ ಭಕ್ತರು ಈ ದೃಶ್ಯವನ್ನು ಸುಲಭವಾಗಿ ಊಹಿಸಿಕೊಳ್ಳಬಲ್ಲರು. ನೂರಕ್ಕೆ ಸುಮಾರು ಮೂವತ್ತರಷ್ಟಿದ್ದ ಮರಣ, ಅವರ ಆರೈಕೆಯಲ್ಲಿದ್ದವರಲ್ಲಿ ನಾಲ್ಕಕ್ಕಿಂತ ಕೆಳಗಿಳಿಯಿತು. ಈ ವೈದ್ಯರ ಹಿರಿಮೆಯನ್ನು ನಾವು ಕಾಣುವುದು ಓದುಬರಹವಿಲ್ಲದ ತಾಯಿಯ ಮೇಲೂ ಅವರಿಟ್ಟ ಆ ಭರವಸೆಯಲ್ಲಿ. 2022ರಲ್ಲಿ ಅವರು ತೀರಿಕೊಂಡ ಮೇಲೆ ಪದ್ಮವಿಭೂಷಣ ಬಂದಿತು. ತಡವಾಯಿತೆಂದೇ ನಮ್ಮ ಭಾವನೆ.

ಆ ದ್ರಾವಣದ ಸುಧಾರಿತ ರೂಪವೇ ಇಂದಿನ ಓಆರ್‌ಎಸ್. ಅಂಗನವಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದರ ಪೊಟ್ಟಣ ದೊರೆಯುತ್ತದೆ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ, ಕಾಯಿಸಿ ಆರಿಸಿದ ನೀರಿಗೆ, ಇಡಿಯ ಪುಡಿಯನ್ನು ಒಮ್ಮೆಗೇ ಬೆರೆಸಬೇಕು. ನೀರು ಕಡಿಮೆಯಾದರೆ ಉಪ್ಪು ಹೆಚ್ಚಾಗಿ ಮಗುವಿಗೆ ಕೇಡು. ಹಾಲು, ಹಣ್ಣಿನ ರಸಗಳಲ್ಲಿ ಕಲಸಲಾಗದು. ಅಂಗಡಿಯ ಸಿಹಿ ಪಾನೀಯಗಳು ಇದಕ್ಕೆ ಬದಲಲ್ಲ. ಎಳೆಯ ಮಕ್ಕಳಿಗೆ ಚಮಚದಿಂದ ಸ್ವಲ್ಪ ಸ್ವಲ್ಪವಾಗಿ ಕುಡಿಸಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು, ಇನ್ನೂ ನಿಧಾನವಾಗಿ ಮುಂದುವರಿಸಬೇಕು. ಎದೆಹಾಲನ್ನಾಗಲಿ ಊಟವನ್ನಾಗಲಿ ನಿಲ್ಲಿಸಬಾರದು. ವೈದ್ಯರು ಜಿಂಕ್ ಮಾತ್ರೆ ಬರೆದುಕೊಟ್ಟರೆ ಭೇದಿ ನಿಂತರೂ ಹದಿನಾಲ್ಕು ದಿನ ಪೂರೈಸಬೇಕು. 24 ಗಂಟೆ ಕಳೆದ ದ್ರಾವಣವನ್ನು ಚೆಲ್ಲಿ ಹೊಸದನ್ನು ಮಾಡಿಕೊಳ್ಳಬೇಕು.

ಮಗು ಮಂಕಾಗಿ ಕಣ್ಣು ಗುಳಿಬಿದ್ದರೆ, ಕುಡಿಯಲಾರದಾದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ ಮನೆಯಲ್ಲಿ ಕಾಯಬಾರದು. ಆಸ್ಪತ್ರೆಯ ದಾರಿಯುದ್ದಕ್ಕೂ, ಮಗು ಎಚ್ಚರವಿದ್ದು ನುಂಗಬಲ್ಲದಾದರೆ, ಚಮಚದಿಂದ ಕುಡಿಸುತ್ತಲೇ ಇರಬೇಕು.