ಮಗ್ಗುಲು ಬದಲಿಸುವ ವಿದ್ಯೆ

ಕೊಂಗುನಾಡಿನ ಕುನ್ನತ್ತೂರಿನಿಂದ ಮೂಡಲ ದಿಕ್ಕಿಗೆ ಬಸ್ಸಿನಲ್ಲಿ ಒಂದೆರಡು ಗಳಿಗೆ ಪ್ರಯಾಣ ಮಾಡಿದರೆ ಸಿಕ್ಕುವ ಪೆರುಂದುರೈಯಲ್ಲಿ, ಇಂದು ಸರಕಾರಿ ವೈದ್ಯಕೀಯ ಕಾಲೇಜು ಇರುವೆಡೆಯಲ್ಲಿ, ಹಿಂದೊಮ್ಮೆ ಕ್ಷಯರೋಗಿಗಳ ಸ್ಯಾನಿಟೋರಿಯಂ ಇತ್ತು. ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಪತ್ತೆಯಾಗಿ ಬಳಕೆಗೆ ಬರುವ ತನಕ ಈ ದೇಶದ ಸ್ಯಾನಿಟೋರಿಯಂಗಳಲ್ಲಿ, ಮೈಸೂರಿನಲ್ಲಿ 1921ರಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಿಂದ ಆರಂಭವಾದ ಆಸ್ಪತ್ರೆಯಲ್ಲಿಯೂ, ಕ್ಷಯದ ಕ್ರಿಮಿಯನ್ನು ನೇರವಾಗಿ ಕೊಲ್ಲಬಲ್ಲ ಮದ್ದೆಂಬುದೇ ವೈದ್ಯನ ಕೈಯಲ್ಲಿರಲಿಲ್ಲ. ತೆರೆದ ಕಿಟಕಿ, ನಿಯತವಾದ ವಿಶ್ರಾಂತಿ, ಹಾಲು ಮೊಟ್ಟೆಗಳ ಪಥ್ಯ, ದಿನಕ್ಕೆ ಹಲವು ಬಾರಿ ಗುರುತು ಹಾಕುವ ಜ್ವರದ ಪಟ್ಟಿ, ಮುಚ್ಚಳವಿರುವ ಕಫದ ಬಟ್ಟಲು, ಮತ್ತು ಇವೆಲ್ಲವೂ ಹೊತ್ತು ತಪ್ಪದಂತೆ ನೋಡಿಕೊಳ್ಳುತ್ತಿದ್ದ ದಾದಿ. ಅಂದಿನ ಚಿಕಿತ್ಸೆಯ ಬಹುಭಾಗ ಇಷ್ಟೆ. ರೋಗಿಯು ಬದುಕಿದರೆ ಆತನ ದೇಹವೇ ಹೋರಾಡಿ ಗೆದ್ದಿತೆಂದೂ, ಆ ಹೋರಾಟಕ್ಕೆ ಬೇಕಾದ ಅನುವನ್ನು ಶುಶ್ರೂಷೆ ಒದಗಿಸಿತೆಂದೂ ತಿಳಿಯಬೇಕು.

ಅನಂತರ ಮದರಾಸಿನಲ್ಲಿ 1956ರಲ್ಲಿ ಸ್ಥಾಪಿತವಾದ ಕ್ಷಯ ಚಿಕಿತ್ಸಾ ಸಂಶೋಧನ ಕೇಂದ್ರವು ಬಡ ರೋಗಿಗಳಲ್ಲಿ ಕೆಲವರನ್ನು ಸ್ಯಾನಿಟೋರಿಯಂನಲ್ಲಿರಿಸಿ, ಉಳಿದವರಿಗೆ ಅವರ ಇಕ್ಕಟ್ಟಾದ ಮನೆಗಳಲ್ಲಿಯೇ ಮಾತ್ರೆ ಕೊಟ್ಟು, ಎರಡು ಗುಂಪುಗಳಿಗೂ ಗುಣ ಬಹುಮಟ್ಟಿಗೆ ಸಮನಾಗಿಯೇ ಕಂಡಿತೆಂದು 1959ರಲ್ಲಿ ಪ್ರಕಟಿಸಿದಾಗ, ಸ್ಯಾನಿಟೋರಿಯಂಗಳ ಯುಗ ಲೋಕದಾದ್ಯಂತ ಮುಗಿಯತೊಡಗಿತು. ಮದ್ದು ಬಂದಿತು, ಇನ್ನು ಶುಶ್ರೂಷೆಗೆ ಎರಡನೆಯ ಸ್ಥಾನ ಎಂದು ಯಾರಾದರೂ ಭಾವಿಸಿದ್ದರೆ ಅದು ಅವಸರದ ತೀರ್ಮಾನ. ತಿಂಗಳುಗಟ್ಟಲೆ ಆ ಮಾತ್ರೆಗಳನ್ನು ಬಿಡದೆ ನುಂಗುವಂತೆ ಮಾಡುವುದಕ್ಕೆ ಮನೆ ಬಾಗಿಲಿಗೆ ಹೋಗಿ ವಿಚಾರಿಸುವ ಹೆಲ್ತ್ ವಿಸಿಟರ್ ಆಗಲೂ ಬೇಕಾಗಿತ್ತು. ದಾದಿಯ ಕೆಲಸ ಮಾಯವಾಗಲಿಲ್ಲ, ಮಂಚದ ಬದಿಯಿಂದ ಬೀದಿಗೆ ಸಾಗಿತು.

ನಮ್ಮ ಹಿಂದಿನವರಿಗೆ ಇದು ಹೊಸ ವಿಚಾರವಾಗಿರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಎಣಿಸುವಾಗ ವೈದ್ಯ, ಔಷಧ, ರೋಗಿ ಎಂಬ ಮೂರರೊಡನೆ ಪರಿಚಾರಕನಿಗೂ ಪೀಠವನ್ನು ಹಾಕಲಾಗಿದೆ; ಆತನಿಗೆ ಉಪಚಾರದ ಅರಿವು, ದಕ್ಷತೆ, ಅನುರಾಗ, ಶುಚಿತ್ವ ಎಂಬ ನಾಲ್ಕು ಗುಣಗಳಿರಬೇಕೆಂದೂ ವಿಧಿಸಲಾಗಿದೆ. ಅರಿವನ್ನು ಮೊದಲಿಟ್ಟು ಅನುರಾಗವನ್ನು ಅನಂತರ ಎಣಿಸಿದ ಆ ಕ್ರಮ ನನಗೆ ಬಹಳ ಹಿಡಿಸಿತು. ಏಕೆಂದರೆ ದಾದಿಯರನ್ನು ಕುರಿತು ನಾವು ಸಭೆಗಳಲ್ಲಿ ಆಡುವ ಮಾತೆಲ್ಲ ಅನುರಾಗವನ್ನೇ ಕುರಿತದ್ದು, ತ್ಯಾಗ, ಕರುಣೆ, ಮಾತೃಹೃದಯ ಎಂದು. ಆಕೆಯು ಬಲ್ಲ ವಿದ್ಯೆ ಯಾವುದೆಂದು ಕೇಳುವವರು ವಿರಳ. ಸಂಬಳದ ಪ್ರಸ್ತಾಪ ಬಂದಾಗಂತೂ ಈ ತ್ಯಾಗದ ಸ್ತೋತ್ರ ಇನ್ನಷ್ಟು ಜೋರಾಗುವುದುಂಟು.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ದೇವಾಂಗ ನೇಯ್ಗೆಯವರ ಕೇರಿಗಳಲ್ಲಿಯೂ ಒಕ್ಕಲಿಗರ ಮನೆಗಳಲ್ಲಿಯೂ ಕನ್ನಡವು ಇಂದಿಗೂ ಒಲೆಯ ಮುಂದಿನ ಭಾಷೆಯಾಗಿ ಉಳಿದಿದೆ. 1956ರ ತನಕ ಕೊಳ್ಳೇಗಾಲವೂ ಈ ಕೊಯಮತ್ತೂರು ಜಿಲ್ಲೆಗೇ ಸೇರಿತ್ತೆಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ಅಂತಹ ಮನೆಯಿಂದ ಹೊರಟು, ತಮಿಳಿನಲ್ಲಿ ಶಾಲೆ ಕಲಿತು, ನಾಲ್ಕು ವರ್ಷದ ಬಿ.ಎಸ್‌ಸಿ. ನರ್ಸಿಂಗಿಗೋ ಮೂರು ವರ್ಷದ ಜಿ.ಎನ್.ಎಂ. ತರಬೇತಿಗೋ ಸೇರುವ ಹುಡುಗಿಗೆ, ಈಚೆಗೆ ಹುಡುಗನಿಗೂ, ಮೊದಲ ವರ್ಷವೇ ಎದುರಾಗುವುದು ‘ನರ್ಸಿಂಗ್ ಫೌಂಡೇಷನ್ಸ್’ ಎಂಬ ಇಂಗ್ಲಿಷಿನ ದಪ್ಪ ಪುಸ್ತಕ. ಅದರೊಡನೆ ದೀಪ ಬೆಳಗಿಸಿ ಪ್ರತಿಜ್ಞೆ ಸ್ವೀಕರಿಸುವ ಸಮಾರಂಭವೂ ಇರುತ್ತದೆ. ಆ ದೀಪ ಫ್ಲಾರೆನ್ಸ್ ನೈಟಿಂಗೇಲಳದು. ಪ್ರತಿಜ್ಞೆಯಾದರೋ ಆಕೆ ಬರೆದದ್ದಲ್ಲ, 1893ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಶಾಲೆಯೊಂದರಲ್ಲಿ ಆಕೆಯ ಹೆಸರಿನಿಂದ ರಚಿತವಾದದ್ದು. ದೀಪವನ್ನು ಹಿಡಿದವಳನ್ನು ಎಲ್ಲರೂ ಬಲ್ಲರು; 1854ರಲ್ಲಿ ಸ್ಕುಟಾರಿಯ ಸೈನಿಕರ ಆಸ್ಪತ್ರೆಗೆ ಹೋಗಿ, ಗಾಯಕ್ಕಿಂತ ರೋಗದಿಂದಲೇ ಹೆಚ್ಚು ಮಂದಿ ಸತ್ತರೆಂದು ಅನಂತರ ಲೆಕ್ಕದ ಚಿತ್ರಗಳನ್ನು ಬರೆದು ಅಧಿಕಾರಿಗಳ ಮುಂದೆ ಹಿಡಿದ ಗಣಿತಜ್ಞೆಯನ್ನು ಅಷ್ಟಾಗಿ ಬಲ್ಲವರಿಲ್ಲ. ದೀಪದ ಬದಲು ಒಂದು ಪೆನ್ಸಿಲನ್ನೂ ಗೀಟು ಹಾಕಿದ ಕಾಗದವನ್ನೂ ಕೈಗೆ ಕೊಟ್ಟು ಪ್ರತಿಜ್ಞೆ ಮಾಡಿಸಿದರೆ ಆಕೆಯ ನೆನಪಿಗೆ ಹೆಚ್ಚು ನ್ಯಾಯವಾದೀತೇನೋ.

ಹಾಗಾದರೆ ಈ ವೃತ್ತಿಯ ತಳಹದಿ ಯಾವುದು? 1960ರಲ್ಲಿ ಅಂತರರಾಷ್ಟ್ರೀಯ ದಾದಿಯರ ಮಂಡಲಿಗಾಗಿ ವರ್ಜೀನಿಯಾ ಹೆಂಡರ್ಸನ್ ಎಂಬಾಕೆ ಬರೆದ ಕಿರುಹೊತ್ತಗೆಯಲ್ಲಿ ಹೇಳಿದುದರ ಸಾರವಿದು: ಬಲವಿದ್ದಿದ್ದರೆ, ಮನಸ್ಸಿದ್ದಿದ್ದರೆ, ತಿಳಿವಳಿಕೆಯಿದ್ದಿದ್ದರೆ ಮನುಷ್ಯನು ತನ್ನಷ್ಟಕ್ಕೆ ತಾನೇ ಮಾಡಿಕೊಳ್ಳುತ್ತಿದ್ದುದನ್ನು, ಅವು ಇಲ್ಲದಿರುವಾಗ ಆತನ ಪರವಾಗಿ ಮಾಡುವುದು, ಮತ್ತು ಆದಷ್ಟು ಬೇಗ ಆತನೇ ಮಾಡಿಕೊಳ್ಳುವಂತೆ ಮಾಡುವುದು. ಉಸಿರಾಟ, ಊಟ, ಮಲಮೂತ್ರ, ಮಗ್ಗುಲು ಬದಲಿಸುವುದು, ನಿದ್ರೆ, ಉಡುಗೆ, ಮೈಯ ಕಾವು, ಶುಚಿ ಎಂದು ಮೊದಲಾಗಿ ಮನಸ್ಸಿನ ಅಳಲನ್ನು ಹೇಳಿಕೊಳ್ಳುವುದು, ದೇವರ ಪೂಜೆ, ಕೆಲಸ, ಆಟ, ಕಲಿಕೆಗಳವರೆಗೆ ಹದಿನಾಲ್ಕು ಆವಶ್ಯಕತೆಗಳನ್ನು ಆಕೆ ಎಣಿಸಿದಳು. ಓದುವಾಗ ಇದರಲ್ಲೇನಿದೆ, ಮನೆಯಲ್ಲಿ ಅಜ್ಜಿಗೆ ಮಾಡುವುದೇ ಅಲ್ಲವೆ ಎನ್ನಿಸುತ್ತದೆ. ಆದರೆ ಆರೋಗ್ಯವಂತನ ದೇಹವು ತನಗೇ ಅರಿವಿಲ್ಲದಂತೆ ಮಾಡಿಕೊಳ್ಳುವ ಕಾರ್ಯವನ್ನು ಇನ್ನೊಬ್ಬರು ಅರಿತು ಮಾಡಬೇಕಾದಾಗಲೇ ಅದರ ಕಾಠಿನ್ಯ ತಿಳಿಯುವುದು.

ಮೊದಲನೆಯ ಪಾಠ ನೋಡುವುದು. ನಾಡಿಯನ್ನು ಎಣಿಸುವುದು ಸುಲಭ; ವಯಸ್ಕನಿಗೆ ನಿಮಿಷಕ್ಕೆ 60ರಿಂದ 100 ಎಂದು ಯಾರಾದರೂ ಬಾಯಿಪಾಠ ಮಾಡಬಹುದು. ಆ ಮಿಡಿತ ಸಮವಾಗಿದೆಯೇ, ತುಂಬಿದೆಯೇ, ನೂಲಿನಂತೆ ಸಣ್ಣಗಾಗಿದೆಯೇ ಎಂಬುದನ್ನು ಬೆರಳು ಕಲಿಯುವುದಕ್ಕೆ ಕಾಲ ಬೇಕು. ತಾಳ ತಪ್ಪಿದೆಯೆನಿಸಿದರೆ ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಚಾತುರ್ಯವನ್ನು ಬಿಟ್ಟು ನಿಮಿಷಪೂರ್ತಿ ಎಣಿಸಬೇಕು. ಉಸಿರನ್ನು ಎಣಿಸುವುದರಲ್ಲಿ ಒಂದು ಒಳ್ಳೆಯ ಕಪಟವುಂಟು. ‘ನಿಮ್ಮ ಉಸಿರು ಎಣಿಸುತ್ತೇನೆ’ ಎಂದೊಡನೆ ರೋಗಿಯ ಉಸಿರಿನ ಗತಿ ಬದಲಾಗುತ್ತದೆ. ಆದುದರಿಂದ ನಾಡಿ ಎಣಿಸಿ ಮುಗಿದ ಮೇಲೂ ಮಣಿಕಟ್ಟಿನಿಂದ ಬೆರಳನ್ನು ತೆಗೆಯದೆ, ಇನ್ನೂ ನಾಡಿಯನ್ನೇ ನೋಡುತ್ತಿರುವಂತೆ ತೋರಿಸುತ್ತ, ಎದೆಯ ಏರಿಳಿತವನ್ನು ಎಣಿಸಿಬಿಡಬೇಕು. ವಯಸ್ಕನಲ್ಲಿ ಅದು ನಿಮಿಷಕ್ಕೆ 12ರಿಂದ 20. ಅನೇಕ ವಾರ್ಡುಗಳ ಪಟ್ಟಿಗಳಲ್ಲಿ ಎಲ್ಲ ರೋಗಿಗಳ ಉಸಿರೂ ಒಂದೇ ಸಂಖ್ಯೆಯಾಗಿರುವುದನ್ನು ಕಂಡರೆ, ಅಲ್ಲಿ ಯಾರೂ ಎಣಿಸಿಲ್ಲವೆಂದು ಧಾರಾಳವಾಗಿ ಹೇಳಬಹುದು. ಮೈ ಕೆಡುವ ಮುನ್ನ ಬಹಳ ಸಲ ಮೊದಲು ಏರುವುದು ಈ ಉಸಿರಿನ ಲೆಕ್ಕವೇ ಎಂಬುದು ಇದರಲ್ಲಿನ ವಿಷಾದ. ರಕ್ತದೊತ್ತಡದ ಪಟ್ಟಿಯೂ ಹಾಗೆಯೇ: ದಪ್ಪ ತೋಳಿಗೆ ಕಿರಿದಾದ ಪಟ್ಟಿಯನ್ನು ಸುತ್ತಿದರೆ ಇಲ್ಲದ ಒತ್ತಡ ಇದೆಯೆಂದು ತೋರುತ್ತದೆ, ತೋಳು ಹೃದಯದ ಮಟ್ಟಕ್ಕಿಂತ ಕೆಳಗೆ ಜೋತುಬಿದ್ದಿದ್ದರೂ ಅಷ್ಟೇ. ಮಗ್ಗದ ಮುಂದೆ ಕುಳಿತ ನೇಕಾರನು ಮಾತನಾಡುತ್ತಿದ್ದರೂ ಹಾಸಿನಲ್ಲಿ ಒಂದೆಳೆ ಕಡಿದೊಡನೆ ಕೈ ನಿಲ್ಲಿಸುವಂತೆ, ಹತ್ತು ಕೆಲಸದ ನಡುವೆ ಹೆಚ್ಚುಕಡಿಮೆಯನ್ನು ಗುರುತಿಸಿ ನಿಲ್ಲುವ ಅಭ್ಯಾಸವೇ ಇಲ್ಲಿ ಬೇಕಾದುದು.

ನೋಡಿದುದನ್ನು ಏನು ಮಾಡಬೇಕು? ಪುಸ್ತಕದಲ್ಲಿ ಇದಕ್ಕೆ ಐದು ಹಂತಗಳ ಕ್ರಮವಿದೆ: ಸ್ಥಿತಿಯನ್ನು ಅರಿಯುವುದು, ಕೊರತೆಯನ್ನು ನಿರ್ಣಯಿಸುವುದು, ಯೋಜಿಸುವುದು, ನಡೆಸುವುದು, ಫಲವನ್ನು ಅಳೆಯುವುದು. ವಿದ್ಯಾರ್ಥಿಗಳು ಇದನ್ನು ಕೋಷ್ಟಕವಾಗಿ ಬರೆದು ಬೇಸರಪಡುವುದುಂಟು. ಆದರೆ ಇದರ ತಿರುಳು ಎರಡನೆಯ ಹಂತದಲ್ಲಿದೆ. ನ್ಯೂಮೋನಿಯಾದಿಂದ ಬಂದ ಒಬ್ಬ ಮುದುಕ ನೇಕಾರನನ್ನು ಊಹಿಸೋಣ. ‘ನ್ಯೂಮೋನಿಯಾ’ ಎಂಬುದು ಡಾಕ್ಟರರ ನಿರ್ಣಯ. ಮಲಗಿದರೆ ಉಸಿರು ಕಟ್ಟುವುದರಿಂದ ಆತ ರಾತ್ರಿಯೆಲ್ಲ ಕುಳಿತೇ ಇದ್ದಾನೆ, ಕಫವನ್ನು ಕೆಮ್ಮಿ ತೆಗೆಯುವ ಶಕ್ತಿಯಿಲ್ಲ, ನೀರಿನ ಲೋಟ ಕೈಗೆ ಎಟುಕದ ಕಡೆ ಇದೆ, ಮೂತ್ರಕ್ಕೆ ಏಳಬೇಕಾದೀತೆಂಬ ಭಯದಿಂದ ಆತ ನೀರನ್ನೇ ಕುಡಿಯುತ್ತಿಲ್ಲ. ಇವು ದಾದಿಯ ನಿರ್ಣಯಗಳು. ಆಂಟಿಬಯೋಟಿಕ್ ನ್ಯೂಮೋನಿಯಾವನ್ನು ನೋಡಿಕೊಳ್ಳುತ್ತದೆ. ಉಳಿದವನ್ನು ನೋಡಿಕೊಳ್ಳುವ ಮಾತ್ರೆಯನ್ನು ಯಾವ ಕಂಪೆನಿಯೂ ಮಾಡಿಲ್ಲ. ಆ ನಾಲ್ಕನೆಯ ಸಂಗತಿ ಯಾವ ಯಂತ್ರದಲ್ಲಿಯೂ ಕಾಣುವುದಿಲ್ಲ, ಆತನನ್ನು ಕೇಳಬೇಕು. ಮುದುಕನು ‘ಯಾಕೋ ಒಲ್ಲೆ ಕಣವ್ವಾ’ ಎಂದು ಮನೆಮಾತಿನಲ್ಲಿ ಗೊಣಗಿದುದು ಕಿವಿಗೆ ಬಿದ್ದರೆ, ಕನ್ನಡದ ಮನೆಯಿಂದ ಬಂದ ವಿದ್ಯಾರ್ಥಿನಿಗೆ ಆ ದಿನ ಆಕೆಯ ಮೂರು ಭಾಷೆಗಳಲ್ಲಿ ಅತ್ಯಂತ ಉಪಯುಕ್ತವಾದುದು ಪಠ್ಯಪುಸ್ತಕದ ಭಾಷೆಯಾಗಿರುವುದಿಲ್ಲ.

ಕೈ ತೊಳೆಯುವುದನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸನು ಸುಣ್ಣದ ಕ್ಲೋರಿನ್ ನೀರಿನಲ್ಲಿ ವೈದ್ಯರ ಕೈ ತೊಳೆಯಿಸಿದಾಗ, ಏಪ್ರಿಲಿನಲ್ಲಿ ನೂರಕ್ಕೆ ಹದಿನೆಂಟರಷ್ಟಿದ್ದ ಬಾಣಂತಿಯರ ಸಾವು ಜೂನಿನಲ್ಲಿ ಎರಡರ ಆಸುಪಾಸಿಗೆ ಇಳಿಯಿತು. ಆದರೂ ವೈದ್ಯರು ಆತನನ್ನು ನಂಬಲಿಲ್ಲ. ಇಂದು ನಂಬದವರಿಲ್ಲ, ಮರೆಯುವವರು ಉಂಟು.

ಇನ್ನು ಹಾಸಿಗೆ ಹುಣ್ಣು. ಈ ವಿದ್ಯೆಯ ಒರೆಗಲ್ಲು ಇದೇ ಎಂದು ನನ್ನ ಅಭಿಪ್ರಾಯ. ನಿದ್ರಿಸುವ ಆರೋಗ್ಯವಂತನು ರಾತ್ರಿಯಲ್ಲಿ ಅದೆಷ್ಟೋ ಬಾರಿ ಮಗ್ಗುಲು ಬದಲಿಸುತ್ತಾನೆ, ಬೆಳಗ್ಗೆ ಅದರ ನೆನಪೂ ಇರುವುದಿಲ್ಲ. ಪಾರ್ಶ್ವವಾಯು ಬಡಿದವನು, ಬೆನ್ನುಮೂಳೆ ಮುರಿದವನು, ಪ್ರಜ್ಞೆಯಿಲ್ಲದವನು ಬದಲಿಸಲಾರರು. ಆಗ ಮೂಳೆ ಚರ್ಮಕ್ಕೆ ಹತ್ತಿರವಾಗಿರುವ ಕಡೆಗಳಲ್ಲಿ, ಎಂದರೆ ಬೆನ್ನಿನ ತಳ, ಸೊಂಟ, ಹಿಮ್ಮಡಿ, ಹೆಗಲ ಹಲಗೆ, ಹಿಂದಲೆಗಳಲ್ಲಿ, ದೇಹದ ಭಾರವೇ ಸಣ್ಣ ರಕ್ತನಾಳಗಳನ್ನು ಅಮುಕಿ ಮುಚ್ಚಿ, ಗಂಟೆಗಳಲ್ಲಿಯೇ ಮಾಂಸ ಸಾಯತೊಡಗುತ್ತದೆ. ಮೊದಲ ಚಿಹ್ನೆ ಒಂದು ಕೆಂಪು ಮಚ್ಚೆ. ಬೆರಳಿನಿಂದ ಒತ್ತಿದರೂ ಅದು ಬಿಳುಪಾಗುವುದಿಲ್ಲ. ಇದನ್ನು ಬರೆದವರು ಬಿಳಿಯ ಚರ್ಮವನ್ನು ನೋಡಿ ಬರೆದರು. ನಮ್ಮ ಕಪ್ಪು ಮೈಯಲ್ಲಿ ಆ ಕೆಂಪು ಎಷ್ಟೋ ಬಾರಿ ಕಾಣುವುದೇ ಇಲ್ಲ. ಅಂಗೈಯಿಂದ ಮುಟ್ಟಿ, ಸುತ್ತಲಿನ ಚರ್ಮಕ್ಕಿಂತ ಅಲ್ಲಿ ಬಿಸಿಯಾಗಿದೆಯೇ, ಗಡುಸಾಗಿದೆಯೇ ಎಂದು ತಿಳಿಯಬೇಕು. ಹಿಂದೆ ಅಂತಹ ಜಾಗವನ್ನು ಸ್ಪಿರಿಟು ಹಚ್ಚಿ, ಪೌಡರು ಹಾಕಿ ಚೆನ್ನಾಗಿ ತಿಕ್ಕಬೇಕೆಂದು ಕಲಿಸುತ್ತಿದ್ದರು. ತಿಕ್ಕಿದರೆ ಒಳಗಿನ ಮಾಂಸಕ್ಕೆ ಮತ್ತಷ್ಟು ಪೆಟ್ಟೆಂದು ಈಗ ಅದನ್ನು ನಿಷೇಧಿಸಿದ್ದಾರೆ. ಉಳಿದಿರುವ ವಿಧಿ ಸರಳ, ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುವುದು.

ಈ ಸರಳ ವಿಧಿಯನ್ನು ಎಷ್ಟು ಕಾಲ ನಡೆಸಬಹುದೆಂಬುದಕ್ಕೆ ನಿದರ್ಶನವಿದೆ. ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗರ ಮೇಲೆ 1973ರ ನವೆಂಬರ್ 27ರಂದು ಆ ಆಸ್ಪತ್ರೆಯ ನೌಕರನೊಬ್ಬನೇ ಅಮಾನುಷವಾಗಿ ಆಕ್ರಮಣ ಮಾಡಿದನು. ಮಿದುಳಿಗೆ ಪ್ರಾಣವಾಯು ತಪ್ಪಿ ಅವರು ಮತ್ತೆ ಎಂದೂ ಚೇತರಿಸಿಕೊಳ್ಳಲಿಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೆ, ನಾಲ್ಕು ದಶಕಗಳಿಗೂ ಮೀರಿ, ಅದೇ ಆಸ್ಪತ್ರೆಯ ದಾದಿಯರು ತಲೆಮಾರಿನಿಂದ ತಲೆಮಾರಿಗೆ ಅವರಿಗೆ ಉಣಿಸಿ, ಮೈ ತೊಳೆದು, ಮಗ್ಗುಲು ಬದಲಿಸುತ್ತ ಬಂದರು. ಕೊನೆಯ ವರ್ಷಗಳಲ್ಲಿ ಆರೈಕೆ ಮಾಡಿದವರಲ್ಲಿ ಅನೇಕರು ಆ ದುರ್ದಿನದಂದು ಹುಟ್ಟಿಯೂ ಇರಲಿಲ್ಲ. ದಯಾಮರಣದ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ 2011ರ ಮಾರ್ಚ್ 7ರಂದು ತೀರ್ಪು ಬಂದಾಗ, ದೇಶವೆಲ್ಲ ನ್ಯಾಯಶಾಸ್ತ್ರದ ಸೂಕ್ಷ್ಮಗಳನ್ನು ಚರ್ಚಿಸಿತು. ಅಷ್ಟು ವರ್ಷ ಮಲಗಿದ್ದ ಆ ದೇಹಕ್ಕೆ ಹಾಸಿಗೆ ಹುಣ್ಣು ಆಗದಂತೆ ಕಾಪಾಡಿದ ಶುಶ್ರೂಷೆಯನ್ನು ಕುರಿತ ಮೆಚ್ಚುಗೆಯ ಮಾತೂ ಆ ವ್ಯವಹಾರದ ದಾಖಲೆಗಳಲ್ಲಿತ್ತು; ನರ್ಸಿಂಗಿನ ಮೊದಲ ವರ್ಷದವರು ಓದಬೇಕಾದ ಭಾಗ ಅದು.

ಆ ಒಬ್ಬರಿಗೆ ಸಾಧ್ಯವಾದುದು ಎಲ್ಲರಿಗೂ ಏಕೆ ಸಾಧ್ಯವಾಗುವುದಿಲ್ಲವೆಂಬುದಕ್ಕೆ ಒಂದು ಚಿಕ್ಕ ಲೆಕ್ಕ ಸಾಕು. ಒಂದು ವಾರ್ಡಿನಲ್ಲಿ ತಾವಾಗಿ ಹೊರಳಲಾರದ ಹತ್ತು ಮಂದಿ ಇದ್ದಾರೆನ್ನಿ. ಎರಡು ಗಂಟೆಗೊಮ್ಮೆಯಂತೆ ದಿನಕ್ಕೆ 120 ಸಲ ಮಗ್ಗುಲು ಬದಲಿಸಬೇಕು. ಪ್ರತಿಯೊಂದಕ್ಕೂ ಇಬ್ಬರು, ಐದು ನಿಮಿಷ. ಒಟ್ಟು ಇಪ್ಪತ್ತು ಗಂಟೆಯ ದುಡಿಮೆ, ಎಂದರೆ ಎರಡೂವರೆ ಮಂದಿಯ ಪೂರ್ಣ ಡ್ಯೂಟಿ ಇದೊಂದಕ್ಕೇ ಸಂದಿತು. ಇಂಜೆಕ್ಷನ್ನು, ಡ್ರಿಪ್ಪು, ಡ್ರೆಸ್ಸಿಂಗು, ಬರವಣಿಗೆ ಇನ್ನೂ ಬಾಕಿ. ಬೋಧನಾ ಆಸ್ಪತ್ರೆಯಲ್ಲಿ ಮೂವರು ರೋಗಿಗಳಿಗೊಬ್ಬರು, ಸಾಮಾನ್ಯ ಆಸ್ಪತ್ರೆಯಲ್ಲಿ ಐವರಿಗೊಬ್ಬರು ದಾದಿಯಿರಬೇಕೆಂದು ಭಾರತೀಯ ನರ್ಸಿಂಗ್ ಪರಿಷತ್ತು ಹೇಳುತ್ತದೆ. ಸರಕಾರಿ ವಾರ್ಡಿನಲ್ಲಿ ಒಂದು ರಾತ್ರಿ ಕಳೆದವರಿಗೆ ವಸ್ತುಸ್ಥಿತಿಯನ್ನು ವಿವರಿಸಬೇಕಾಗಿಲ್ಲ.

ಆದುದರಿಂದ ನಮ್ಮಲ್ಲಿ ಈ ಕೆಲಸ ಮಂಚದ ಕೆಳಗೆ ಚಾಪೆ ಹಾಸಿಕೊಂಡಿರುವ ತಾಯಿಗೆ, ಸೊಸೆಗೆ, ಮಗನಿಗೆ ಬೀಳುತ್ತದೆ. ಅವರಿಗೆ ಕಲಿಸಿಕೊಡುವುದೂ ದಾದಿಯ ವಿದ್ಯೆಯ ಒಂದು ಅಂಗವಾಗುತ್ತದೆ. ಮೈಯನ್ನು ಹಾಸಿಗೆಯ ಮೇಲೆ ಎಳೆಯದೆ, ಕೆಳಗಿನ ದುಪ್ಪಟಿಯ ಎರಡು ಅಂಚನ್ನೂ ಹಿಡಿದು ಎತ್ತಿ ಸರಿಸಬೇಕು. ಮೊಣಕಾಲುಗಳ ನಡುವೆ ದಿಂಬು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೊಂದು ದಿಂಬು. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ ಒಡಿಶಾದಿಂದಲೋ ಬಿಹಾರದಿಂದಲೋ ಬಂದ ಹುಡುಗ ಅಪಘಾತವಾಗಿ ಮಲಗಿದ್ದರೆ ಆತನ ಬಳಿ ತಾಯಿಯೂ ಇರುವುದಿಲ್ಲ. ಇರುವುದು ಜೊತೆಯ ಕೋಣೆಯವನು, ಆತನೂ ಮರುದಿನ ಪಾಳಿಗೆ ಹೋಗಿ ಇನ್ನೊಬ್ಬನನ್ನು ಕಳುಹಿಸುತ್ತಾನೆ. ಅಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಮೂರೂ ನಿಷ್ಪ್ರಯೋಜಕ. ಒಂದು ಹಾಳೆಯ ಮೇಲೆ ಗಡಿಯಾರವನ್ನು ಬರೆದು, ಹತ್ತಕ್ಕೆ ಎಡಮಗ್ಗುಲು, ಹನ್ನೆರಡಕ್ಕೆ ಅಂಗಾತ, ಎರಡಕ್ಕೆ ಬಲಮಗ್ಗುಲು ಎಂದು ಮಲಗಿದ ಮನುಷ್ಯನ ಚಿತ್ರಗಳನ್ನು ಅಂಕಿಗಳ ಪಕ್ಕದಲ್ಲಿ ಬಿಡಿಸಿ, ಮಂಚದ ತಲೆಯ ಕಡೆ ಗೋಡೆಗೆ ಅಂಟಿಸಿಬಿಡಬೇಕು. ಮಾಡಿದೊಡನೆ ಅದರ ಮೇಲೊಂದು ಗೀಟು ಎಳೆಯುವಂತೆ ಪೆನ್ಸಿಲನ್ನೂ ದಾರದಿಂದ ಕಟ್ಟಿಡಬೇಕು.